ಮಿಡ್ಲ್ ಅರ್ತ್‌ಗಾಗಿ ಕಾದವರು

ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಿನ ಸುತ್ತ ಕೆಂಪು ಶಾಯಿಯ ವರ್ತುಲ ಬಿದ್ದಿತು. ಊರಿನಿಂದ ಬಂದಿದ್ದ ನನ್ನ ತಾಯಿಯವರು ಅದನ್ನು ಕಂಡು, "ಯಾರ ಮದುವೆಯೇ?" ಎಂದು ಮೊಮ್ಮಗಳನ್ನು ಕೇಳಿದರು. "ಮದುವೆ ಅಲ್ಲ ಅಜ್ಜಿ, ಹೊಸ ಆಟ ಬರುತ್ತೆ" ಎಂದಳು ಮಗಳು. ಟೋಲ್ಕಿನ್ ಅವರ ಕಲ್ಪನಾಲೋಕವಾದ ಮಿಡ್ಲ್ ಅರ್ತ್‌ನಲ್ಲಿ ನಡೆಯುವ ವಿಡಿಯೋ ಆಟ ಅದು. ತಿಂಗಳೊಂದು ಕಳೆಯುವುದರೊಳಗೆ ಆ ವರ್ತುಲಕ್ಕೆ ಅಡ್ಡಗೆರೆ ಬಿದ್ದು, ಮುಂದಿನ ಹಾಳೆಯಲ್ಲಿ ಇನ್ನೊಂದು ವರ್ತುಲ ಮೂಡಿತು. ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನನಗೆ ಗಡುವು ಮುಂದಕ್ಕೆ ಹೋಗುವುದು ಹೊಸದಲ್ಲ. ಆದರೂ ಮಗಳ ಮುಖ ಸಪ್ಪಗಾದುದನ್ನು ಕಂಡು, ಈ ಲೋಕಕ್ಕಾಗಿ ಹಿಂದೆ ಯಾರು, ಎಷ್ಟು ಕಾದಿದ್ದರು ಎಂದು ಹುಡುಕಹೊರಟೆ. ಕಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಜೆ. ಆರ್. ಆರ್. ಟೋಲ್ಕಿನ್ (೧೮೯೨–೧೯೭೩) ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕರು. ಅವರ 'ದಿ ಹಾಬಿಟ್' ಪುಸ್ತಕದ ಹಸ್ತಪ್ರತಿ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರ ಕೈಸೇರಿದಾಗ, ಅವರು ಅದನ್ನು ತಮ್ಮ ಹತ್ತು ವರ್ಷದ ಮಗ ರೇನರ್‌ಗೆ ಓದಲು ಕೊಟ್ಟರು. ಹುಡುಗ ಮೆಚ್ಚಿ ಅಭಿಪ್ರಾಯ ಬರೆದು ಒಂದು ಷಿಲಿಂಗ್ ಸಂಭಾವನೆ ಪಡೆದ. ೧೯೩೭ರ ಸೆಪ್ಟೆಂಬರಿನಲ್ಲಿ ಪುಸ್ತಕ ಹೊರಬಂದಿತು. ಮುಂದಿನ ಕಥೆ ಬೇಕೆಂದು ಪ್ರಕಾಶಕರು ಕೇಳಿದರು. ಅದೇ ಡಿಸೆಂಬರಿನಲ್ಲಿ ಟೋಲ್ಕಿನ್ ಬರೆಯಲಾರಂಭಿಸಿದರು. ನಡುವೆ ಮಹಾಯುದ್ಧ, ಕಾಲೇಜಿನ ಕೆಲಸ, ತಿದ್ದಿದ್ದನ್ನೇ ಮತ್ತೆ ತಿದ್ದುವ ಸ್ವಭಾವ. ಬರವಣಿಗೆ ಮುಗಿದದ್ದು ೧೯೪೯ರಲ್ಲಿ. ಮುಂದೆ ದೊಡ್ಡವನಾಗಿ ತಂದೆಯ ಸಂಸ್ಥೆಯನ್ನೇ ಸೇರಿದ ರೇನರ್, ಸಾವಿರ ಪೌಂಡು ನಷ್ಟವಾಗಬಹುದೆಂದು ತಿಳಿದೂ ಪುಸ್ತಕವನ್ನು ಪ್ರಕಟಿಸಲು ಮುಂದಾದರು.

ಕಾಗದ ದುಬಾರಿಯಾಗಿದ್ದ ಕಾಲ. ಆದುದರಿಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಸಂಪುಟಗಳಾಗಿ ಹೊರಟಿತು. ಮೊದಲನೆಯದು ೧೯೫೪ರ ಜುಲೈಯಲ್ಲಿ, ಎರಡನೆಯದು ನವೆಂಬರಿನಲ್ಲಿ. ಎರಡನೆಯ ಸಂಪುಟ ಮುಗಿಯುವಾಗ ಕಥಾನಾಯಕ ಫ್ರೋಡೋ ಶತ್ರುಗಳ ಕೈಗೆ ಸಿಕ್ಕಿಬಿದ್ದಿದ್ದಾನೆ. ಆದರೆ ಅನುಬಂಧಗಳನ್ನು ಸಿದ್ಧಪಡಿಸುವುದು ತಡವಾಗಿ, ಮೂರನೆಯ ಸಂಪುಟ ಬಂದದ್ದು ೧೯೫೫ರ ಅಕ್ಟೋಬರಿನಲ್ಲಿ. ವಾರಪತ್ರಿಕೆಯ ಧಾರಾವಾಹಿಗಾಗಿ ಏಳು ದಿನ ಚಡಪಡಿಸಿದ ನಮ್ಮ ಮನೆಗಳ ಹೆಂಗಸರಿಗೆ, ಹನ್ನೊಂದು ತಿಂಗಳು ಕಾದ ಆ ಓದುಗರ ಪಾಡನ್ನು ವಿವರಿಸಬೇಕಾಗಿಲ್ಲ.

ಈ ಲೋಕ ಗಣಕಯಂತ್ರಕ್ಕೆ ಬಂದ ಕಥೆಯೂ ಸ್ವಾರಸ್ಯವಾಗಿದೆ. ೧೯೮೨ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಬೀಮ್ ಸಾಫ್ಟ್‌ವೇರ್ ಸಂಸ್ಥೆ 'ದಿ ಹಾಬಿಟ್' ಎಂಬ ಆಟವನ್ನು ಸಿದ್ಧಪಡಿಸಿತು. ಬರೆದವರಲ್ಲಿ ಮುಖ್ಯರು ವೆರೋನಿಕಾ ಮೆಗ್ಲರ್ ಮತ್ತು ಫಿಲಿಪ್ ಮಿಚೆಲ್. ಮೆಗ್ಲರ್ ಆಗ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆಟ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು, ಜೊತೆಗೆ ಟೋಲ್ಕಿನ್ ಅವರ ಪುಸ್ತಕವೂ ಇರುತ್ತಿತ್ತು.

ಅಂದಿನ ಸ್ಪೆಕ್ಟ್ರಂ ಯಂತ್ರದ ನೆನಪಿನ ಶಕ್ತಿ ೪೮ ಕಿಲೋಬೈಟು, ಅಂದರೆ ೪೯,೧೫೨ ಬೈಟು. ಅದರಲ್ಲಿ ಏಳು ಕಿಲೋಬೈಟಿನಷ್ಟು ಪರದೆಗೇ ಮೀಸಲು. ಇಂದು ಗಣಕದಲ್ಲಿ ಕನ್ನಡದ ಒಂದು ಸಂಕೇತವನ್ನು ಸಾಮಾನ್ಯವಾಗಿ ೩ ಬೈಟುಗಳಲ್ಲಿ ಇಡುತ್ತಾರೆ. ಆ ಲೆಕ್ಕದಲ್ಲಿ ಇಡೀ ಯಂತ್ರದಲ್ಲಿ ಹಿಡಿಸುವುದು ಸುಮಾರು ೧೬,೦೦೦ ಸಂಕೇತಗಳು. ನಮ್ಮ ಈ ಮಾಸಪತ್ರಿಕೆಯ ಕೆಲವೇ ಪುಟಗಳು. ಅಷ್ಟರಲ್ಲೇ ಅವರು ಕಾಡು, ಗುಹೆ, ಡ್ರ್ಯಾಗನ್ ಎಲ್ಲವನ್ನೂ ಕೂಡಿಸಿದರು. ಚಿತ್ರಗಳೂ ಇದ್ದವು, ಉಳಿದದ್ದು ಮಾತು. ಆಡುವವನು ಇಂಗ್ಲಿಷಿನಲ್ಲಿ ವಾಕ್ಯ ಬರೆದು ಅಪ್ಪಣೆ ಕೊಡಬೇಕು. ವಿಶೇಷವೆಂದರೆ ಪಾತ್ರಗಳು ಅವನ ಅಪ್ಪಣೆಗೆ ಕಾಯದೆ ತಮ್ಮಷ್ಟಕ್ಕೆ ತಾವು ಓಡಾಡುತ್ತಿದ್ದವು. ಥೋರಿನ್ ಎಂಬ ಕುಳ್ಳರ ನಾಯಕ ಆಪತ್ತಿನ ನಡುವೆಯೂ ಕುಳಿತು ಚಿನ್ನದ ಹಾಡು ಶುರುಮಾಡುತ್ತಿದ್ದ! ಆಟದಲ್ಲಿ ದೋಷಗಳೂ ಇದ್ದವು. ಆದರೆ ಆಡಿದವರು ಇಂದಿಗೂ ನೆನೆಯುವುದು ಥೋರಿನ್ನನ ಹಾಡನ್ನು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಇತ್ತೀಚಿನದು. ೨೦೧೯ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಡೆಡಾಲಿಕ್ ಸಂಸ್ಥೆ 'ಗಾಲಂ' ಎಂಬ ಪಾತ್ರವನ್ನು ಕುರಿತ ಆಟವನ್ನು ಪ್ರಕಟಿಸುವುದಾಗಿ ಸಾರಿತು. ೨೦೨೧ ಎಂದದ್ದು ೨೦೨೨ ಆಯಿತು. ಕೊನೆಗೆ ಬಂದದ್ದು ೨೦೨೩ರ ಮೇ ೨೫ರಂದು. ನಾಲ್ಕು ವರ್ಷ ಕಾದವರಿಗೆ ದೊರೆತದ್ದು ದೋಷಗಳಿಂದ ತುಂಬಿದ ಆಟ. ವಿಮರ್ಶಕರು ಖಂಡಿಸಿದರು, ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು. ಕೆಲವೇ ವಾರಗಳಲ್ಲಿ ಅಲ್ಲಿನ ಆಟ ತಯಾರಿಸುವ ವಿಭಾಗವೇ ಮುಚ್ಚಿತು. ಎಷ್ಟೋ ಜನರ ಉದ್ಯೋಗಕ್ಕೆ ಸಂಚಕಾರ ಬಂದಿತೆಂಬುದನ್ನೂ ನಾವು ಮರೆಯಬಾರದು.

ತಡವಾದರೆ ತಾಳಿಕೆ ಹೆಚ್ಚು ಎಂದು ನಾವು ಸಮಾಧಾನ ಹೇಳಿಕೊಳ್ಳುವುದುಂಟು. ಇತಿಹಾಸ ಹಾಗೆ ಹೇಳುವುದಿಲ್ಲ. ಟೋಲ್ಕಿನ್ ಹದಿನೇಳು ವರ್ಷ ತಡಮಾಡಿದರು, ಗಾಲಂ ಆಟವೂ ತಡವಾಯಿತು. ಫಲ ಮಾತ್ರ ಬೇರೆಬೇರೆ. ಕಡತ ಮೇಜಿನ ಮೇಲೆ ಮಲಗಿದ್ದ ಮಾತ್ರಕ್ಕೆ ಅದರೊಳಗಿನ ಕೆಲಸ ಮಾಗುವುದಿಲ್ಲ. ಕಾಯುವವನ ಕೈಯಲ್ಲಿ ಆ ಕೆಲಸವೂ ಇಲ್ಲ, ತಾರೀಖೂ ಇಲ್ಲ. ಅವನ ಕೈಯಲ್ಲಿ ಉಳಿಯುವುದು ಆ ಲೋಕ ಒಂದೇ. ಅದನ್ನು ಯಾವ ಮುಂದೂಡಿಕೆಯೂ ಕಸಿದುಕೊಳ್ಳಲಾರದು.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಉಪದೇಶವನ್ನು ಎಷ್ಟು ಕೇಳಿದಳೋ ಕಾಣೆ. ಆದರೆ ಅಂದಿನಿಂದ ರಾತ್ರಿ ಊಟವಾದ ಮೇಲೆ ಅಜ್ಜಿಗೆ ಆ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದ್ದಾಳೆ. ಅವಳ ಕನ್ನಡ ಅಲ್ಲಲ್ಲಿ ಎಡವುತ್ತದೆ. ಅಜ್ಜಿ ಮಾತು ಜೋಡಿಸಿಕೊಡುತ್ತಾರೆ. ಮೊನ್ನೆ ಪರೀಕ್ಷೆಯ ಕಾರಣ ಎರಡು ದಿನ ಕಥೆ ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ನನ್ನ ತಾಯಿ ಕೇಳಿದರು: "ಅಲ್ಲವೇ, ಆ ಉಂಗುರದ ಹುಡುಗನನ್ನ ಹಿಡಿದುಕೊಂಡು ಹೋದರಲ್ಲ, ಮುಂದೇನಾಯಿತೇ?"