ಹವಳದ ದ್ವೀಪಗಳೂ ಮಂಗಳೂರಿನ ಕಚೇರಿಯೂ

ಕೊಲ್ಹಾಪುರದ ಗುಜರಿ ಪೇಟೆಯಲ್ಲಿ ಹವಳವೆಂದರೆ ಮಂಗಳ ಗ್ರಹದ ಕಾಟಕ್ಕೆ ಉಂಗುರದಲ್ಲಿ ಕೂಡಿಸುವ ಕೆಂಪು ಹರಳು. ಮರಾಠಿಯಲ್ಲಿ ಪೋವಳೆ, ಮಲಯಾಳದಲ್ಲಿ ಪವಿಳಂ. ನಮ್ಮ ಗಡಹಿಂಗ್ಲಜದ ಕನ್ನಡ ಮನೆಗಳಲ್ಲೂ ಅದರ ಅರ್ಥ ಅಷ್ಟಕ್ಕೇ ಮುಗಿಯುತ್ತದೆ. ಆದರೆ ದ್ವೀಪ ಕಟ್ಟುವ ಹವಳದ ಜಾತಿಯೇ ಬೇರೆ. ಅದರ ಚರಿತ್ರೆಯಲ್ಲಿ ಹಳೆಯ ದಕ್ಷಿಣ ಕನ್ನಡಕ್ಕೂ ಪಾಲಿದೆ ಎಂಬುದನ್ನು ಕಾಸರಗೋಡಿನ ಓದುಗರಿಗೆ ನೆನಪಿಸಬೇಕೆನಿಸಿದೆ.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದರೆ ಅಮಿನ್‌ದಿವಿ ಗುಂಪು. ಇಲ್ಲಿನ ನೆಲವೆಲ್ಲ ಹವಳದ ಸುಣ್ಣವೇ. ಅಕ್ಕಿಕಾಳಿನಷ್ಟು ಸಣ್ಣ ಜೀವಿಗಳು ಕಡಲ ನೀರಿನಿಂದ ಸುಣ್ಣ ತೆಗೆದು ಗೂಡು ಕಟ್ಟುತ್ತವೆ. ಸತ್ತವುಗಳ ಗೂಡಿನ ಮೇಲೆ ಮುಂದಿನ ಪೀಳಿಗೆ ಕಟ್ಟುತ್ತದೆ. ಮೈಯೊಳಗಿನ ಪಾಚಿಯೇ ಅವಕ್ಕೆ ಊಟ ಒದಗಿಸುವುದರಿಂದ ಬಿಸಿಲು ತಾಗುವ ತಿಳಿನೀರೇ ಬೇಕು. ಹಾಗಾದರೆ ಆಳಗಡಲಿನ ನಡುವೆ ಉಂಗುರದಂಥ ದಿಬ್ಬ ಎದ್ದದ್ದು ಹೇಗೆ? ಜ್ವಾಲಾಮುಖಿಯ ಬೆಟ್ಟ ಮೆಲ್ಲಗೆ ಮುಳುಗುತ್ತದೆ, ಅಂಚಿನ ಹವಳ ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ಉಂಗುರ ಉಳಿಯುತ್ತದೆ ಎಂದು ಡಾರ್ವಿನ್ 1842ರಲ್ಲಿ ಬರೆದ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್‌ನಲ್ಲಿ ಕೊರೆದಾಗ ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ದಪ್ಪದ ಸುಣ್ಣದ ಕೆಳಗೆ ಜ್ವಾಲಾಮುಖಿಯ ಶಿಲೆಯೇ ಸಿಕ್ಕಿತು. ನೂರಹತ್ತು ವರ್ಷ ಕಾದ ಸಾಕ್ಷಿ!

ಈ ಮರಳಿನಲ್ಲಿ ತೆಂಗೇ ಬದುಕು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳಿಕೆಗೆ ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರೂ ಈ ದ್ವೀಪಗಳನ್ನು ಮಂಗಳೂರಿನಿಂದಲೇ ಆಳಿದರು. ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ ಕೊಟ್ಟು ಅಕ್ಕಿ ಪಡೆಯಬೇಕು. ಕೊಳ್ಳುವವನೇ ಬೆಲೆ ಕಟ್ಟಿದರೆ ಏನಾಗುತ್ತದೆಂದು ಇಚಲಕರಂಜಿಯ ನೇಕಾರರಿಗೆ ಯಾರೂ ವಿವರಿಸಬೇಕಾಗಿಲ್ಲ.

1956ರ ನವೆಂಬರ್ 1ರಂದು ಆ ಜಿಲ್ಲೆ ಮೂರು ಪಾಲಾಯಿತು: ಮಂಗಳೂರು ಮೈಸೂರಿಗೆ, ಕಾಸರಗೋಡು ಕೇರಳಕ್ಕೆ, ಅಮಿನ್‌ದಿವಿ ಕೇಂದ್ರಾಡಳಿತಕ್ಕೆ. ಅದೇ ದಿನ ನಮ್ಮ ನೆರೆಯ ಚಂದಗಡ ತಾಲೂಕನ್ನು ಬೆಳಗಾವಿ ಜಿಲ್ಲೆಯಿಂದ ಬಿಡಿಸಿ ಮುಂಬಯಿ ರಾಜ್ಯದಲ್ಲೇ ಉಳಿಸಿಕೊಂಡರು. ನಿಮಗೂ ನಮಗೂ ತಾರೀಖು ಒಂದೇ. ದ್ವೀಪದವರ ಮಾತು ಮಲಯಾಳದ್ದೇ ಒಂದು ಬಗೆಯಾದ್ದರಿಂದ ಕೋಳಿಕ್ಕೋಡಿನ ಕಚೇರಿ ಅವರಿಗೆ ಪರಕೀಯವೆನಿಸಿರಲಾರದು. 1964ರಲ್ಲಿ ಅದೂ ಕವರತ್ತಿಗೆ ಹೋಯಿತು.

ಈಗಿನ ಆತಂಕ ಗಡಿಯದ್ದಲ್ಲ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ವಾರಗಟ್ಟಲೆ ಹಾಗೇ ಇದ್ದರೆ ಹವಳ ಒಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ, ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗಾಯಿತು. ಮುಂಗಾರಿನ ತೆರೆಗಳ ಹೊಡೆತವನ್ನು ಮುರಿಯುವುದು ಈ ದಿಬ್ಬವೇ. ಅದರ ಹಿಂದಿನ ಮನೆಗಳು ಕಡಲಿನಿಂದ ಕೆಲವೇ ಮೀಟರು ಎತ್ತರದಲ್ಲಿವೆ.