ಅರಿಕೆಯಿಂದ ಪ್ರಶ್ನೆಯವರೆಗೆ: ಮೈಸೂರಿನ ಶಾಸನಸಭೆಗಳಲ್ಲಿ ಸಾರ್ವಜನಿಕ ವೆಚ್ಚದ ವಿಚಾರಣೆ (1881–1956)

ಸಾರ್ವಜನಿಕ ಹಣ ಯಾರದು, ಅದರ ವೆಚ್ಚಕ್ಕೆ ಯಾರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬೆರಡು ವಿಚಾರಗಳು ಪ್ರಾತಿನಿಧಿಕ ಸಂಸ್ಥೆಗಳ ಚರಿತ್ರೆಯಲ್ಲಿ ಒಟ್ಟೊಟ್ಟಿಗೇ ಬೆಳೆದುಬಂದಿವೆ. ಶಾಸಕನೊಬ್ಬ ಎದ್ದು ನಿಂತು ತನ್ನ ಊರಿನ ಶಾಲೆ, ಕೆರೆ, ಆಸ್ಪತ್ರೆಗಳ ಬಗೆಗೆ ಸಚಿವರನ್ನು ಕೇಳುವುದು ಇಂದು ಸಹಜವಾದ ಕಲಾಪವೆನಿಸುತ್ತದೆ. ಆದರೆ ಮೈಸೂರು ಸಂಸ್ಥಾನದಲ್ಲಿ ಈ ಹಕ್ಕು ಒಂದೇ ದಿನದಲ್ಲಿ ಲಭಿಸಿದುದಲ್ಲ. ಅರಿಕೆ ಮಾಡಿಕೊಳ್ಳುವ ಅವಕಾಶದಿಂದ ಪ್ರಶ್ನೆ ಕೇಳುವ ಹಕ್ಕಿಗೆ, ಅಲ್ಲಿಂದ ವೆಚ್ಚಕ್ಕೆ ಮತ ನೀಡುವ ಅಧಿಕಾರಕ್ಕೆ, ಕೊನೆಗೆ ಸರಕಾರವನ್ನೇ ಹೊಣೆಗಾರನನ್ನಾಗಿಸುವ ವ್ಯವಸ್ಥೆಗೆ ಸಾಗಿದ ಈ ಹಾದಿಗೆ ಎಪ್ಪತ್ತು ವರ್ಷಗಳು ಬೇಕಾದವು. ಆ ಹಾದಿಯ ಮುಖ್ಯ ಘಟ್ಟಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಜಾಪ್ರತಿನಿಧಿ ಸಭೆ: ಅರಿಕೆಯ ವೇದಿಕೆ

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರಿನ ಆಡಳಿತವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂದಿರುಗಿಸಿದರು. ಆ ಹೊತ್ತಿಗೆ ಸಂಸ್ಥಾನದ ಬೊಕ್ಕಸ ಬರಿದಾಗಿತ್ತು. 1876–78ರ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದಿದ್ದರು. ಕ್ಷಾಮ ಪರಿಹಾರಕ್ಕಾಗಿ ಬ್ರಿಟಿಷ್ ಸರಕಾರದಿಂದ ಪಡೆದ 80 ಲಕ್ಷ ರೂಪಾಯಿಗಳ ಸಾಲ ತಲೆಯ ಮೇಲಿತ್ತು. ಇದರೊಡನೆ ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗಳಿಗೆ ಏರಿಸುವ ಷರತ್ತೂ ಇತ್ತು. ಹೆಚ್ಚುವರಿ ಮೊತ್ತದ ವಸೂಲಿಯನ್ನು ಕೆಲವು ವರ್ಷ ಮುಂದೂಡಲಾಯಿತಾದರೂ ಅದು ತಪ್ಪಿಹೋಗಲಿಲ್ಲ. ಇಂತಹ ಆರ್ಥಿಕ ಸಂಕಟದ ನಡುವೆ ದಿವಾನ ಸಿ. ರಂಗಾಚಾರ್ಲು ಅವರ ಸಲಹೆಯಂತೆ 1881ರ ಆಗಸ್ಟ್ 25ರ ಆಜ್ಞೆಯ ಮೂಲಕ ಪ್ರಜಾಪ್ರತಿನಿಧಿ ಸಭೆ ಸ್ಥಾಪಿತವಾಯಿತು. ಅದರ ಮೊದಲ ಅಧಿವೇಶನ ಅದೇ ವರ್ಷ ಅಕ್ಟೋಬರ್ 7ರಂದು ದಸರಾ ಸಂದರ್ಭದಲ್ಲಿ ಮೈಸೂರಿನಲ್ಲಿ ಸೇರಿತು. ಭೂಹಿಡುವಳಿದಾರರು ಹಾಗೂ ವರ್ತಕರ ಪ್ರತಿನಿಧಿಗಳಾಗಿ 144 ಸದಸ್ಯರು ಅದರಲ್ಲಿ ಪಾಲ್ಗೊಂಡರು.

ಈ ಸಭೆಯ ಸ್ವರೂಪವನ್ನು ಸರಿಯಾಗಿ ಗ್ರಹಿಸುವುದು ಅವಶ್ಯಕ. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯವನ್ನು ಮಂಜೂರು ಮಾಡುವ ಅಥವಾ ತಡೆಯುವ ಅಧಿಕಾರವೂ ಇರಲಿಲ್ಲ. ಕಳೆದ ವರ್ಷದ ಆಡಳಿತದ ಫಲಿತಾಂಶವನ್ನೂ ಮುಂದಿನ ವರ್ಷದ ಯೋಜನೆಗಳನ್ನೂ ದಿವಾನರು ಸಭೆಯ ಮುಂದಿಡುತ್ತಿದ್ದರು. ಸದಸ್ಯರು ತಮ್ಮ ತಾಲ್ಲೂಕುಗಳ ಅಹವಾಲುಗಳನ್ನು ನಿವೇದಿಸಿಕೊಳ್ಳುತ್ತಿದ್ದರು. ಕೆರೆಗಳ ದುರಸ್ತಿ, ರಸ್ತೆ, ಕಂದಾಯದ ಕಂತು, ಅರಣ್ಯದ ನಿರ್ಬಂಧ, ಶಾಲೆ, ಔಷಧಾಲಯಗಳಂತಹ ವಿಷಯಗಳು ಈ ಅಹವಾಲುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು.

ಅರಿಕೆಗೂ ಪ್ರಶ್ನೆಗೂ ಇರುವ ಅಂತರ ಇಲ್ಲಿ ಗಮನಾರ್ಹ. ಅರಿಕೆ ಮಾಡುವವನು ಅನುಗ್ರಹವನ್ನು ಬೇಡುತ್ತಾನೆ, ಪ್ರಶ್ನಿಸುವವನು ಲೆಕ್ಕವನ್ನು ಕೇಳುತ್ತಾನೆ. ಒಂದು ಕೆರೆಗೆ ಹಣ ಕೊಡಬೇಕೆಂದು ವಿನಂತಿಸುವುದು ಮೊದಲನೆಯ ಬಗೆ; ಅದೇ ಕೆರೆಗೆ ಕಳೆದ ವರ್ಷ ಮಂಜೂರಾದ ಹಣ ಏನಾಯಿತೆಂದು ಕೇಳುವುದು ಎರಡನೆಯ ಬಗೆ. ಆದರೂ ಮೊದಲ ಬಗೆಯನ್ನು ಕಡೆಗಣಿಸುವಂತಿಲ್ಲ. ಸಂಸ್ಥಾನದ ಜಮಾಖರ್ಚನ್ನು ಪ್ರಜೆಗಳ ಪ್ರತಿನಿಧಿಗಳೆದುರು ಬಹಿರಂಗವಾಗಿ ಹೇಳಬೇಕಾದುದು ಆಡಳಿತದ ಕರ್ತವ್ಯವೆಂಬ ರೂಢಿ ಇಲ್ಲಿಂದ ಬೇರೂರಿತು. ಅಂಕಿಅಂಶ ಒಮ್ಮೆ ಬಹಿರಂಗವಾದ ಮೇಲೆ ಅದರ ಬಗೆಗೆ ಕೇಳುವವರು ಹುಟ್ಟಿಕೊಳ್ಳುವುದು ಅನಿವಾರ್ಯವಾಗಿತ್ತು.

ಪ್ರಶ್ನೆಯ ಹಕ್ಕು

ಬ್ರಿಟಿಷ್ ಭಾರತದಲ್ಲಿ 1892ರ ಭಾರತೀಯ ಪರಿಷತ್ತುಗಳ ಕಾಯಿದೆಯು ಸದಸ್ಯರಿಗೆ ಪ್ರಶ್ನೆ ಕೇಳುವ ಮತ್ತು ಆಯವ್ಯಯದ ಮೇಲೆ ಅಭಿಪ್ರಾಯ ನೀಡುವ ಮಿತವಾದ ಅವಕಾಶವನ್ನು ಒದಗಿಸಿತು. 1909ರ ಕಾಯಿದೆಯಿಂದ ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಉಪಪ್ರಶ್ನೆಯ ಅವಕಾಶವೂ ದೊರೆಯಿತು. ಪ್ರಾತಿನಿಧಿಕ ಸಭೆಯನ್ನು ಸ್ಥಾಪಿಸುವುದರಲ್ಲಿ ದೇಶೀಯ ಸಂಸ್ಥಾನಗಳ ಪೈಕಿ ಮುಂದಾಗಿದ್ದ ಮೈಸೂರು, ವಿಧಿಬದ್ಧವಾದ ಪ್ರಶ್ನೆಯ ವಿಷಯದಲ್ಲಿ ಮಾತ್ರ ನಿಧಾನವಾಗಿ ನಡೆಯಿತು. 1907ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ನ್ಯಾಯವಿಧಾಯಕ ಸಭೆ ರಚನೆಯಾಯಿತು. ಕಾನೂನುಗಳ ಪರಿಶೀಲನೆಯೇ ಅದರ ಆರಂಭದ ಕಾರ್ಯವಾಗಿದ್ದಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ (1912–1918) ಅದರ ಸದಸ್ಯರ ಸಂಖ್ಯೆ 18ರಿಂದ 24ಕ್ಕೆ ಏರಿದುದಲ್ಲದೆ ಪ್ರಶ್ನೆ ಕೇಳುವ ಮತ್ತು ಆಯವ್ಯಯವನ್ನು ಚರ್ಚಿಸುವ ಹಕ್ಕುಗಳೂ ಸದಸ್ಯರಿಗೆ ಲಭಿಸಿದವು.

ಇದೇ ಕಾಲದ ಇನ್ನೊಂದು ಮುಖವನ್ನೂ ಕಾಣಬೇಕು. 1908ರ ವೃತ್ತಪತ್ರಿಕಾ ಶಾಸನವು ಸಂಸ್ಥಾನದಲ್ಲಿ ಪತ್ರಿಕೆಗಳ ಬಾಯಿ ಕಟ್ಟಿತ್ತು. ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಪತ್ರಿಕೋದ್ಯಮಿಯೂ ಆಗಿದ್ದ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಹೊರಗಿನ ಟೀಕೆಗೆ ತಡೆ ಬಿದ್ದ ಸಂದರ್ಭದಲ್ಲಿ ಸಭೆಯೊಳಗಿನ ಮಾತಿಗೆ ಹೆಚ್ಚಿನ ಬೆಲೆ ಬಂದುದು ಸಹಜವೇ.

1923ರ ಸುಧಾರಣೆ ಮತ್ತು ಅದರ ಮಿತಿ

ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳನ್ನು ಆಧರಿಸಿ 1923ರಲ್ಲಿ ಎರಡೂ ಸಭೆಗಳ ಪುನರ್ರಚನೆ ನಡೆಯಿತು. ಅದುವರೆಗೆ ಸರಕಾರಿ ಆಜ್ಞೆಯ ಬಲದಿಂದ ನಡೆಯುತ್ತಿದ್ದ ಪ್ರಜಾಪ್ರತಿನಿಧಿ ಸಭೆ ಶಾಸನಬದ್ಧವಾಯಿತು. ಹೊಸ ತೆರಿಗೆ ವಿಧಿಸುವ ಮೊದಲು ಅದರ ಅಭಿಪ್ರಾಯ ಕೇಳಬೇಕೆಂಬ ನಿಯಮ ಬಂದಿತು. ಪ್ರಶ್ನೆ ಕೇಳುವ, ಆಯವ್ಯಯದ ಮೇಲೆ ನಿರ್ಣಯ ಮಂಡಿಸುವ ಅಧಿಕಾರವೂ ದೊರೆಯಿತು. ಐವತ್ತು ಸದಸ್ಯರ ನ್ಯಾಯವಿಧಾಯಕ ಸಭೆಗೆ ಅನುದಾನದ ಬೇಡಿಕೆಗಳ ಮೇಲೆ ಮತ ಚಲಾಯಿಸುವ ಹಕ್ಕು ಬಂದಿತು. ಖರ್ಚಾದ ಹಣದ ಪರಿಶೀಲನೆಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಏರ್ಪಟ್ಟಿತು.

ಇವು ಸಣ್ಣ ಲಾಭಗಳಲ್ಲ. ಹಣ ನೀಡುವ ಮುನ್ನ ಮತ, ನೀಡಿದ ಮೇಲೆ ಪ್ರಶ್ನೆ, ಖರ್ಚಾದ ಬಳಿಕ ಲೆಕ್ಕಪರಿಶೀಲನೆ ಎಂಬ ಮೂರು ಕಾವಲುಗಳು ಮೊದಲ ಬಾರಿಗೆ ಕೂಡಿಬಂದವು. ಆದರೆ ಮಿತಿಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಅರಮನೆಯ ವೆಚ್ಚ, ಬ್ರಿಟಿಷರಿಗೆ ಸಲ್ಲುವ ಪೊಗದಿ ಮೊದಲಾದ ಬಾಬುಗಳು ಮತದ ವ್ಯಾಪ್ತಿಯಿಂದ ಹೊರಗುಳಿದವು. ಮತದಾನದ ಹಕ್ಕು ಆಸ್ತಿ ಹಾಗೂ ವಿದ್ಯಾರ್ಹತೆಯುಳ್ಳವರಿಗೆ ಮೀಸಲಾಗಿದ್ದಿತು. ಎಲ್ಲಕ್ಕಿಂತ ಮುಖ್ಯವಾಗಿ, ಆಡಳಿತದ ಮುಖ್ಯಸ್ಥರಾದ ದಿವಾನರೇ ಸಭೆಯ ಅಧ್ಯಕ್ಷರಾಗಿದ್ದರು. ಪ್ರಶ್ನೆಯನ್ನು ಅಂಗೀಕರಿಸಬೇಕಾದವರೂ ಅದಕ್ಕೆ ಉತ್ತರ ಹೇಳಬೇಕಾದ ಸರಕಾರದ ಮುಖ್ಯಸ್ಥರೂ ಒಬ್ಬರೇ ಆಗಿದ್ದ ಈ ಏರ್ಪಾಟಿನಲ್ಲಿ ಸದಸ್ಯನ ಹಕ್ಕು ದಿವಾನರ ಔದಾರ್ಯವನ್ನು ಅವಲಂಬಿಸಿತ್ತು. ಸಭೆಯ ಬಹುಮತ ವಿರುದ್ಧವಾದರೂ ದಿವಾನರು ಅಧಿಕಾರ ಬಿಡಬೇಕಾದ ಕಟ್ಟುಪಾಡಿರಲಿಲ್ಲ. ಅವರು ಮಹಾರಾಜರಿಗೆ ಹೊಣೆಯಾಗಿದ್ದರೇ ಹೊರತು ಸಭೆಗಲ್ಲ. ಡಿ.ವಿ. ಗುಂಡಪ್ಪನವರಂತಹ ವಿಚಾರವಂತರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದ ಕಾಲದಲ್ಲಿಯೂ ಈ ಮೂಲಭೂತ ಕೊರತೆ ನೀಗಲಿಲ್ಲ.

ಹೊಣೆಗಾರ ಸರಕಾರ

1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ನೇತೃತ್ವದ ಸಚಿವ ಸಂಪುಟ ಅಧಿಕಾರಕ್ಕೆ ಬಂದಿತು. 1949ರಲ್ಲಿ ಹಳೆಯ ಎರಡೂ ಸಭೆಗಳು ವಿಸರ್ಜನೆಗೊಂಡವು. ವಯಸ್ಕ ಮತದಾನದ ಆಧಾರದ ಮೇಲೆ 1952ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ವಿಧಾನಸಭೆಯ 99 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 74 ದೊರೆತವು. ಸಮಾಜವಾದಿ ಪಕ್ಷಕ್ಕೆ ದೊರೆತವು ಮೂರೇ. ಆ ಮೂವರಲ್ಲಿ ಒಬ್ಬರು ಸಾಗರ–ಹೊಸನಗರ ಕ್ಷೇತ್ರದಿಂದ ಆಯ್ಕೆಯಾದ ಶಾಂತವೇರಿ ಗೋಪಾಲಗೌಡರು (1923–1972).

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದ ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದ ಹೋರಾಟದಿಂದ ಸಭೆಗೆ ಬಂದವರು. ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಕುರಿತು ಗೇಣಿದಾರರು ಎತ್ತಿದ ಪ್ರಶ್ನೆಯೇ ಆ ಸತ್ಯಾಗ್ರಹದ ಮೂಲ. ಗದ್ದೆಯಲ್ಲಿ ಅಳತೆಯನ್ನು ಪ್ರಶ್ನಿಸಿದ ಜನರ ಪ್ರತಿನಿಧಿ ಸದನದಲ್ಲಿ ರಾಜ್ಯದ ಅಳತೆಯನ್ನು ಪ್ರಶ್ನಿಸಲು ನಿಂತುದರಲ್ಲಿ ಒಂದು ಚಾರಿತ್ರಿಕ ಔಚಿತ್ಯವಿದೆ. ಆಳುವ ಪಕ್ಷದ ಭಾರಿ ಬಹುಮತದೆದುರು ಮೂವರು ಸದಸ್ಯರ ಮತಕ್ಕೆ ಯಾವುದೇ ಬೇಡಿಕೆಯನ್ನು ಸೋಲಿಸುವ ಶಕ್ತಿ ಇರಲಿಲ್ಲ. ಆದರೆ ಅವರು ಕೇಳುವ ಪ್ರಶ್ನೆಗೆ ಸಚಿವರು ಉತ್ತರಿಸಲೇಬೇಕಾಗಿತ್ತು. ಉಪಪ್ರಶ್ನೆಯಿಂದ ಆ ಉತ್ತರದ ಪೊಳ್ಳನ್ನು ಬಯಲಿಗೆಳೆಯಬಹುದಾಗಿತ್ತು. ಸಂಖ್ಯಾಬಲವಿಲ್ಲದ ಪ್ರತಿಪಕ್ಷಕ್ಕೆ ಪ್ರಶ್ನೆಯೇ ಮುಖ್ಯ ಸಾಧನವೆಂಬುದು ಆ ವಿಧಾನಸಭೆಯ ಅನುಭವ. ಗೋಪಾಲಗೌಡರು ಕನ್ನಡದಲ್ಲಿಯೇ ಸದನವನ್ನು ಉದ್ದೇಶಿಸಿ ಮಾತನಾಡಿದುದೂ ಗಮನಾರ್ಹ. ಲೆಕ್ಕ ಕೇಳುವ ಭಾಷೆ ತೆರಿಗೆ ಕೊಡುವವರಿಗೆ ತಿಳಿಯಬೇಕೆಂಬ ನಿಲುವು ಅದರಲ್ಲಿ ಅಡಗಿತ್ತು.

ಈ ಅವಧಿಯಲ್ಲಿಯೇ ಸಾರ್ವಜನಿಕ ವೆಚ್ಚದ ಆದ್ಯತೆಗಳನ್ನು ಕುರಿತ ವಿವಾದ ತೀವ್ರವಾಯಿತು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿ (1952–56) ಪೂರ್ಣಗೊಳಿಸಿದ ವಿಧಾನಸೌಧಕ್ಕೆ ತಗಲಿದ ವೆಚ್ಚ ಒಂದೂಮುಕ್ಕಾಲು ಕೋಟಿ ರೂಪಾಯಿಗಳಿಗೆ ಕಡಿಮೆಯಿರಲಿಲ್ಲ. ಈ ದುಂದು ಬೇಕಿತ್ತೇ ಎಂಬ ಟೀಕೆಯನ್ನು ಅವರು ಎದುರಿಸಬೇಕಾಯಿತು. ನಾಡಿನ ಹೆಮ್ಮೆಯ ಪ್ರತೀಕವೆಂದು ಇಂದು ಕಾಣುವ ಕಟ್ಟಡವೂ ತನ್ನ ಕಾಲದಲ್ಲಿ ಲೆಕ್ಕ ಕೊಡುವುದರಿಂದ ಮುಕ್ತವಾಗಿರಲಿಲ್ಲ ಎಂಬುದು ಪ್ರಜಾಪ್ರಭುತ್ವದ ಆರೋಗ್ಯವನ್ನೇ ಸೂಚಿಸುತ್ತದೆ.

ಸಮಾರೋಪ

ಸಂವಿಧಾನದ 164ನೆಯ ಅನುಚ್ಛೇದವು ಸಚಿವ ಸಂಪುಟವನ್ನು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸಿದೆ. 203ನೆಯ ಅನುಚ್ಛೇದವು ಅನುದಾನದ ಬೇಡಿಕೆಗಳನ್ನು ಒಪ್ಪುವ, ನಿರಾಕರಿಸುವ ಇಲ್ಲವೇ ಕಡಿತಗೊಳಿಸುವ ಅಧಿಕಾರವನ್ನು ಸದನಕ್ಕೆ ನೀಡಿದೆ. 151ನೆಯ ಅನುಚ್ಛೇದದ ಮೇರೆಗೆ ಲೆಕ್ಕಪರಿಶೋಧನಾ ವರದಿ ಸದನದ ಮುಂದೆ ಬರುತ್ತದೆ. 1923ರಲ್ಲಿ ಕೂಡಿಬಂದ ಮೂರು ಕಾವಲುಗಳು ಇಲ್ಲಿ ಪೂರ್ಣರೂಪ ಪಡೆದಿವೆ. ಅಧ್ಯಕ್ಷ ಪೀಠವು ಸರಕಾರದಿಂದ ಬೇರ್ಪಟ್ಟಿರುವುದರಿಂದ ಪ್ರಶ್ನೆ ಯಾರ ಔದಾರ್ಯಕ್ಕೂ ಕಾಯಬೇಕಾಗಿಲ್ಲ.

ಆದರೆ ನಿಯಮಗಳಷ್ಟರಿಂದಲೇ ಹಕ್ಕು ಜೀವಂತವಾಗಿರಲಾರದು. 1881ರ ಸದಸ್ಯನಿಗೆ ತನ್ನ ತಾಲ್ಲೂಕಿನ ಕೆರೆಯ ಸ್ಥಿತಿ ತಿಳಿದಿತ್ತು, ಕೇಳುವ ಹಕ್ಕಿರಲಿಲ್ಲ. ಹಕ್ಕು ಪೂರ್ಣವಾಗಿ ದೊರೆತ ಮೇಲೆ ಆ ತಿಳಿವಳಿಕೆಯನ್ನು ಉಳಿಸಿಕೊಳ್ಳುವುದು ಶಾಸಕನ ಹೊಣೆ. ಶಾಸಕನು ಮತ್ತೆ ಸಚಿವರ ಬಾಗಿಲಿನಲ್ಲಿ ಅನುಗ್ರಹ ಬೇಡುವವನಾದಾಗಲೆಲ್ಲ ಸದನವು ಪ್ರಶ್ನೆಯಿಂದ ಅರಿಕೆಗೆ ಹಿಂದಿರುಗುತ್ತದೆ. ಮೈಸೂರಿನ ಈ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಮರಳಿ ಅವಲೋಕಿಸುವುದರ ಪ್ರಯೋಜನವಿರುವುದು ಈ ಎಚ್ಚರದಲ್ಲಿಯೇ.