ಜಾವಾ ಕಲಿಸಿದ ಪಾಠ

ಕಾರ್ಖಾನೆಯೊಂದರ ಬಲ ಯಾವುದು ಎಂದು ಕೇಳಿದರೆ ನೀವು ಏನು ಹೇಳುವಿರಿ? ಕಟ್ಟಡ, ಯಂತ್ರಗಳು, ನುರಿತ ಕೆಲಸಗಾರರು ಎನ್ನುವಿರಿ. ಉತ್ತರವೇನೋ ಸರಿ. ಆದರೆ ಅದೇ ಬಲ ಮುಂದೊಂದು ದಿನ ಕಾಲಿಗೆ ತೊಡಕಾಗುವುದೂ ಉಂಟೆ? ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯ ಇತಿಹಾಸವನ್ನು ಈ ಪ್ರಶ್ನೆಯೊಡನೆ ಓದೋಣ.

ಮೊದಲು ಹೆಸರಿನ ಗುಟ್ಟು. ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಶಸ್ತ್ರಾಸ್ತ್ರ ತಯಾರಕ. ಮೋಟಾರ್‌ಸೈಕಲ್ ಮಾಡಲು ಹೊರಟಾಗ ಜರ್ಮನಿಯ ವಾಂಡರರ್ ಕಂಪನಿಯಿಂದ ಸಿದ್ಧ ವಿನ್ಯಾಸವನ್ನು ಕೊಂಡುಕೊಂಡ. 1929ರಲ್ಲಿ ಎರಡೂ ಹೆಸರುಗಳ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಹೊಸ ಎಂಜಿನ್ ರೂಪಿಸಲು ವರ್ಷಗಳೇ ಬೇಕು. ಪರವಾನಗಿ ಕೊಂಡವನಿಗೆ ಆ ವರ್ಷಗಳು ಉಳಿಯುತ್ತವೆ.

ಮೂವತ್ತು ವರ್ಷಗಳ ನಂತರ ಮೈಸೂರಿನಲ್ಲಿ ನಡೆದದ್ದೂ ಇದೇ. ಜಾವಾ ಪರವಾನಗಿ ಪಡೆದು ರುಸ್ತುಂ ಮತ್ತು ಫರೋಖ್ ಇರಾನಿ ಕಂಪನಿ ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರ ಹೊತ್ತಿಗೆ ಇಲ್ಲಿಯ ಗಾಡಿಗೆ 'ಯೆಜ್ಡಿ' ಎಂಬ ಸ್ವಂತ ಹೆಸರು ಬಂತು. 1978ರಲ್ಲಿ 'ರೋಡ್‌ಕಿಂಗ್' ಬಂತು.

ಈ ಗಾಡಿಯ ಎಂಜಿನ್ ಎರಡು ಸ್ಟ್ರೋಕಿನದು, ಸಾಮಾನ್ಯವಾಗಿ 250 ಸಿಸಿ. ಅದರಲ್ಲಿ ಕವಾಟಗಳಿಲ್ಲ, ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಸಿಲಿಂಡರಿನ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಬಿಡಿಭಾಗ ಕಡಿಮೆ, ರಿಪೇರಿ ಸುಲಭ. ಹಳ್ಳಿಯ ಮೆಕ್ಯಾನಿಕ್ ಕೂಡ ಮರದ ನೆರಳಿನಲ್ಲಿ ಕೂತು ಬಿಚ್ಚಿ ಜೋಡಿಸಬಲ್ಲ. ಆದರೆ ಈ ಸರಳತೆಗೆ ಬೆಲೆಯೂ ಉಂಟು. ಸುಟ್ಟ ಅನಿಲ ಹೊರಹೋಗುವಾಗ ಹೊಸದಾಗಿ ಬಂದ ಪೆಟ್ರೋಲ್ ಮಿಶ್ರಣದ ಒಂದು ಪಾಲು ಸುಡದೆಯೇ ಅದರ ಜೊತೆ ಹೊರಟುಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಕೂಡ ಸುಟ್ಟು ಹೊಗೆಯಾಗುತ್ತದೆ.

ಈಗ ಕಾರ್ಖಾನೆಯ ಒಳಗೆ ಬನ್ನಿ. ಸಿಲಿಂಡರಿಗೊಂದು ಅಚ್ಚು, ಟ್ಯಾಂಕಿನ ತಗಡು ಒತ್ತಲು ಇನ್ನೊಂದು, ಅಳತೆ ನೋಡುವ ಗೇಜುಗಳು. ಎಲ್ಲವೂ ಒಂದೇ ಮಾದರಿಗೆ ಹೊಂದುವಂಥವು. ಇವುಗಳ ಮೇಲೆ ಹಾಕಿದ ಹಣ ಮರಳಬೇಕಾದರೆ ಅದೇ ಮಾದರಿಯ ಸಾವಿರಾರು ಗಾಡಿಗಳು ಮಾರಾಟವಾಗಬೇಕು. ಲೈಸೆನ್ಸ್ ಪದ್ಧತಿಯ ಕಾಲದಲ್ಲಿ ಅದು ಕಷ್ಟವಿರಲಿಲ್ಲ. ಮದ್ರಾಸಿನ ಎನ್‌ಫೀಲ್ಡ್, ಎಸ್ಕಾರ್ಟ್ಸ್‌ನ ರಾಜದೂತ್, ಮೈಸೂರಿನ ಜಾವಾ, ಹೀಗೆ ಕೊಳ್ಳುವವರಿಗೆ ಆಯ್ಕೆಯೇ ಬೆರಳೆಣಿಕೆಯಷ್ಟು. ಎಂಜಿನ್ ಬದಲಿಸುವ ತುರ್ತು ಯಾರಿಗಿತ್ತು?

1980ರ ದಶಕದಲ್ಲಿ ಸರ್ಕಾರ ವಿದೇಶಿ ಸಹಯೋಗಕ್ಕೆ ಬಾಗಿಲು ತೆರೆಯಿತು. 1984ರಲ್ಲಿ ಸುಜುಕಿ, 1985ರಲ್ಲಿ ಹೋಂಡಾ ಮತ್ತು ಯಮಹಾ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. ಗಮನಿಸಿ, ಇವುಗಳಲ್ಲಿ ಸುಜುಕಿ, ಯಮಹಾ ಎರಡೂ ಎರಡು ಸ್ಟ್ರೋಕಿನವೇ. ಆದರೆ ಹಗುರ, ಚುರುಕು. ಹೀರೋ ಹೋಂಡಾದ ನಾಲ್ಕು ಸ್ಟ್ರೋಕಿನ ಗಾಡಿಯಂತೂ ಪೆಟ್ರೋಲ್ ಉಳಿತಾಯದಿಂದಲೇ ಮನೆಮಾತಾಯಿತು. ಗ್ರಾಹಕ ಪೆಟ್ರೋಲಿನ ಪೈಸೆ ಪೈಸೆ ಎಣಿಸುತ್ತಿದ್ದ ಆ ದಶಕದಲ್ಲೇ ಯೆಜ್ಡಿ ಇನ್ನೂ ದೊಡ್ಡದಾದ, ಅವಳಿ ಸಿಲಿಂಡರಿನ 350 ಸಿಸಿ ಗಾಡಿಯನ್ನೂ ಹೊರತಂದಿತು! ಮುಂದೆ 1991ರಲ್ಲಿ ಹೊಗೆಗೆ ಮಿತಿ ವಿಧಿಸುವ ನಿಯಮಗಳು ಬಂದವು. 1996ರಲ್ಲಿ ಅವು ಮತ್ತಷ್ಟು ಬಿಗಿಯಾದವು. ಅದೇ ವರ್ಷ ಮೈಸೂರಿನ ಕಾರ್ಖಾನೆ ಮುಚ್ಚಿತು.

ವ್ಯಾಪಾರದ ಅಪಾಯ ಎಂದರೆ ಬರಿಯ ನಷ್ಟದ ಲೆಕ್ಕ ಎಂದು ತಿಳಿಯಬೇಡಿ. ನೀತಿ ಬದಲಾದದ್ದು ದೆಹಲಿಯಲ್ಲಿ, ತಂತ್ರಜ್ಞಾನ ಬೆಳೆದದ್ದು ಜಪಾನಿನಲ್ಲಿ. ಕೆಲಸ ಹೋದದ್ದು ಮಾತ್ರ ಮೈಸೂರಿನ ಕಾರ್ಮಿಕನಿಗೆ. ಅವನ ಕೈಯಲ್ಲಿದ್ದ ಕುಶಲತೆಯೂ ಆ ಅಚ್ಚುಗಳ ಹಾಗೆ ಒಂದೇ ಎಂಜಿನ್ನಿಗೆ ಹೊಂದಿಕೊಂಡಿತ್ತು. ಹಾಗೆಂದು ತಪ್ಪನ್ನೆಲ್ಲ ಹೊಗೆಯ ನಿಯಮದ ಮೇಲೆ ಹೊರಿಸುವುದೂ ನ್ಯಾಯವಲ್ಲ; ಆ ಗಾಳಿಯನ್ನು ಉಸಿರಾಡುವವರೂ ನಾವೇ ತಾನೆ?

ಗಾಡಿಗಳು ಮಾತ್ರ ರಸ್ತೆ ಬಿಡಲಿಲ್ಲ. ಅಭಿಮಾನಿಗಳು ಪ್ರತಿ ಜುಲೈನ ಎರಡನೆಯ ಭಾನುವಾರ ಅವುಗಳನ್ನು ಒಟ್ಟಿಗೆ ಓಡಿಸುವ ರೂಢಿ ಬೆಳೆಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳೂ ಬಂದವು. ಎಂಜಿನ್ ನಾಲ್ಕು ಸ್ಟ್ರೋಕಿನದು, ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಯಾದವಗಿರಿಗೆ ಕೆಲಸ ಮರಳಲಿಲ್ಲ.

ನಿಮ್ಮ ಊರಿನ ಕಾರ್ಖಾನೆಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇಲ್ಲಿ ಇಂದು ತಯಾರಾಗುವ ವಸ್ತು ನಾಳೆ ಬೇಡವಾದರೆ, ಈ ಯಂತ್ರಗಳೂ ಈ ಕೈಗಳೂ ಬೇರೇನನ್ನು ಮಾಡಬಲ್ಲವು? ನೀವು ಈಗ ಕಲಿಯುತ್ತಿರುವ ವಿದ್ಯೆಯ ವಿಷಯದಲ್ಲೂ ಈ ಪ್ರಶ್ನೆಯನ್ನು ಮರೆಯದಿರಿ.